ಎಣಿಕೆಗೆ ಸೇರಬೇಕೆಂದವರು

ಮಾನವೆಂಬುದು ಮನುಷ್ಯನ ಒಳಗಿನ ವಸ್ತುವೋ, ಹೊರಗಿನವರು ಕೊಡುವಂಥದೋ? ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಉತ್ತರ ಪಿನಾಕಿನಿಯ ದಡ, ಸಾಲುಸಾಲು ನಾಗರಕಲ್ಲುಗಳು, ವಿದುರನೇ ನೆಟ್ಟನೆಂದು ಜನ ನಂಬಿದ ಅಶ್ವತ್ಥ. ಆ ಹಳೆಯ ಮರ 2001ರಲ್ಲಿ ಉರುಳಿತು, ಹೆಸರು ಉಳಿಯಿತು.

1938ರ ಏಪ್ರಿಲ್. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ಸಿನ ಧ್ವಜ ಏರಿಸಲು ಅಡ್ಡಿಯಿತ್ತು. ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರು ಆ ಅಡ್ಡಿಯನ್ನು ಮೀರಿ ಸೆರೆಯಾದರು. ಕಿಡಿ ಅಂದಿನ ಕೋಲಾರ ಜಿಲ್ಲೆಗೂ ಹಾರಿತು. 25ರಂದು ನಿಷೇಧಾಜ್ಞೆಯನ್ನು ಲೆಕ್ಕಿಸದೆ ವಿದುರಾಶ್ವತ್ಥದಲ್ಲಿ ಸಾವಿರಾರು ಮಂದಿ ನೆರೆದರು. ಪೋಲೀಸರು ಗುಂಡು ಹಾರಿಸಿದರು. ಸತ್ತವರು ಸರ್ಕಾರದ ಲೆಕ್ಕದಲ್ಲಿ 10. ಜನರ ಲೆಕ್ಕದಲ್ಲಿ 30ಕ್ಕೂ ಹೆಚ್ಚು.

ಒಂದು ತುಂಡು ಬಟ್ಟೆಗಾಗಿ ಇಷ್ಟು ಪ್ರಾಣವೆ ಎಂದು ಕೇಳುವವರುಂಟು. ಅವರು ಆ ಹೊಳೆಯ ಜಾಡು ಹಿಡಿದು ಸ್ವಲ್ಪ ನಡೆದು ನೋಡಬೇಕು. ಅದೇ ಪಿನಾಕಿನಿ ಮುಂದೆ ಹರಿಯುವುದು ಹಿಂದೂಪುರದ ಕಡೆಗೆ. ಅದು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಅಲ್ಲಿ 1937ರಿಂದ ರಾಜಾಜಿಯವರ ಕಾಂಗ್ರೆಸ್ ಮಂತ್ರಿಮಂಡಲವೇ ಆಳುತ್ತಿತ್ತು. ಸಂತೆಗೂ ನೆಂಟಸ್ತಿಕೆಗೂ ಗಡಿ ದಾಟುವ ರೈತನಿಗೆ, ಅಲ್ಲಿಯವನಿಗೆ ಸಲ್ಲುವ ಧ್ವಜ ತನಗೇಕೆ ಸಲ್ಲದು ಎನ್ನಿಸದಿರುತ್ತದೆಯೆ? ಹಸಿವನ್ನು ಒಬ್ಬನೇ ಉಣ್ಣಬಹುದು; ಅವಮಾನ ಮಾತ್ರ ನೆರೆಯವನನ್ನು ನೋಡಿದಾಗಲೇ ಉರಿಯುವುದು.

ದಾಸಿಯ ಮಗನೆಂದು ಅರಮನೆ ಹೀಗಳೆದ ವಿದುರನ ಕಥೆಯೂ ಇದೇ. ಕೃಷ್ಣ ದುರ್ಯೋಧನನ ಔತಣ ಬಿಟ್ಟು ಅವನ ಮನೆಗೆ ಹೋದ. ವಿದುರನ ವಿವೇಕ ಅದಕ್ಕೆ ಮುಂಚೆಯೂ ಇತ್ತು. ಆದರೆ ಸಮಾನನೆಂದು ಒಬ್ಬರು ಬಾಗಿಲಿಗೆ ಬಂದ ಸುಖ ಬೇರೆ.

ಮುಂದೆ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದವಾಯಿತು: ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ಸಿನ ಧ್ವಜವೂ ಹಾರಬಹುದು. ಮಹಾರಾಜರ ಧ್ವಜ ಇಳಿಯಲಿಲ್ಲ. ಇನ್ನೊಂದು ಪಕ್ಕಕ್ಕೆ ಬಂದು ನಿಂತಿತು, ಅಷ್ಟೆ. ಆ ‘ಪಕ್ಕ’ಕ್ಕಾಗಿಯೇ ಅಷ್ಟು ರಕ್ತ ಹರಿದಿತ್ತು.

ಈಗ ಅಲ್ಲಿ ವೀರಸೌಧವಿದೆ. ಅದರ ಮುಂದೆ ನಿಂತಾಗ ನನ್ನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದಂತೆ ತೋರುತ್ತದೆ. ಮಾನವೆಂದರೆ ಇತರರಿಗಿಂತ ಮೇಲೆ ನಿಲ್ಲುವ ಹಂಬಲವಲ್ಲ, ಅವರ ಸಾಲಿನಲ್ಲಿ ನಿಲ್ಲುವ ಹಂಬಲ. ಹತ್ತೋ, ಮೂವತ್ತೋ ಎಂಬ ವಾದ ಇಂದಿಗೂ ತೀರದಿರುವುದೂ ಅದಕ್ಕೇ ಇರಬೇಕು. ಎಣಿಕೆಗೆ ಸೇರಬೇಕೆಂದು ಹೋದವರನ್ನು ನಾವಿನ್ನೂ ಸರಿಯಾಗಿ ಎಣಿಸಿಲ್ಲ.