ಬೆಳಕಿನ ಗೆರೆಯ ಮೇಲೆ ಬಂದ ಕನ್ನಡ

1934ನೆಯ ಇಸವಿ ಮಾರ್ಚಿ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯಿದ್ದ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ‘ಸತಿ ಸುಲೋಚನಾ’ ತೆರೆಕಂಡಿತು. ಕನ್ನಡದ ಮೊದಲ ವಾಕ್ಚಿತ್ರವೆಂದು ಹೆಸರಾದದ್ದು ಅದು. ಚಾಮರಾಜಪೇಟೆಯವರು ನಡೆದೇ ಹೋಗಬಹುದಾಗಿದ್ದ ಆ ಮಂದಿರ ಇಂದು ಇಲ್ಲ. ಚಿತ್ರದ ಪ್ರತಿಯೂ ಉಳಿದು ಬಂದಿಲ್ಲ. ಉಳಿದಿರುವುವು ಹೆಸರುಗಳು: ಹಣ ಹೂಡಿದ ಚಮನ್‌ಲಾಲ್ ಡುಂಗಾಜಿ, ನಿರ್ದೇಶಿಸಿದ ವೈ. ವಿ. ರಾವ್, ಮಾತನ್ನೂ ಹಾಡನ್ನೂ ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿ, ಇಂದ್ರಜಿತುವಾದ ಸುಬ್ಬಯ್ಯ ನಾಯ್ಡು, ರಾವಣನಾದ ಆರ್. ನಾಗೇಂದ್ರರಾವ್, ಸುಲೋಚನೆಯಾದ ತ್ರಿಪುರಾಂಬ. ಇವರನ್ನು ನೆನೆಯುವುದು ನ್ಯಾಯವೇ ಸರಿ. ಆದರೆ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ಇವರು ಆಡಿದ ಮಾತು ಪ್ಯಾರಾಮೌಂಟಿನ ಬೆಂಚುಗಳವರೆಗೆ ಬಂದ ಬಗೆ ಹೇಗೆ? ಅದನ್ನು ಕೊನೆಯಲ್ಲಿ ದಾಟಿಸಿದ ಕೈ ಯಾರದು? ಇದನ್ನು ಕೇಳಿದವರು ಕಡಮೆ.

ಮೂಕಚಿತ್ರದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಮಾತಿಗೆ ಹೆಸರಾದ ಟಿ. ಪಿ. ಕೈಲಾಸಂ ಅವರೂ ಮೋಹನ್ ಭವನಾನಿಯವರ ‘ವಸಂತಸೇನಾ’ದಲ್ಲಿ ಮೌನವಾಗಿಯೇ ನಟಿಸಬೇಕಾಯಿತು! ಆಗ ಯಂತ್ರ ತುಸು ಬೇಗ ಓಡಿದರೂ, ನಿಧಾನವಾದರೂ ಕಥೆ ಕೆಡುತ್ತಿರಲಿಲ್ಲ. ಮಾತು ಬಂದೊಡನೆ ಆ ಸ್ವಾತಂತ್ರ್ಯ ಹೋಯಿತು. ಸೆಕೆಂಡಿಗೆ 24 ಚೌಕಟ್ಟು, ನಿಮಿಷಕ್ಕೆ 90 ಅಡಿ. ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ. ಮೂರು ಗಂಟೆಯ ಚಿತ್ರವೆಂದರೆ ಹದಿನಾರು ಸಾವಿರ ಅಡಿಗೂ ಮಿಕ್ಕಿದ ಫಿಲ್ಮು.

ಆ ಫಿಲ್ಮಿನ ಒಂದು ಪಕ್ಕದಲ್ಲಿ, ಚಿತ್ರಕ್ಕೂ ರಂಧ್ರಗಳಿಗೂ ನಡುವೆ, ಸುಮಾರು ಎರಡೂವರೆ ಮಿಲಿಮೀಟರ್ ಅಗಲದ ಒಂದು ಪಟ್ಟಿ ಇರುತ್ತದೆ. ಧ್ವನಿಯೆಲ್ಲ ಅದರಲ್ಲಿ ಕಪ್ಪು ಬಿಳುಪಿನ ಅಲೆಗಳಾಗಿ ಅಚ್ಚಾಗಿದೆ. ಪ್ರೊಜೆಕ್ಟರಿನಲ್ಲಿ ಚಿತ್ರ ತೋರುವ ಭಾಗದ ಕೆಳಗೆ ಧ್ವನಿಯ ಪೆಟ್ಟಿಗೆ. ಅದರೊಳಗಿನ ಪುಟ್ಟ ದೀಪದ ಬೆಳಕನ್ನು ಮಸೂರವು ಕೂದಲೆಳೆಗಿಂತ ತೆಳುವಾದ ಗೆರೆಯಾಗಿಸಿ ಪಟ್ಟಿಯ ಮೇಲೆ ಚೆಲ್ಲುತ್ತದೆ. ಅಲೆಗಳನ್ನು ದಾಟಿದ ಬೆಳಕು ಹೆಚ್ಚು ಕಡಮೆಯಾಗುತ್ತ ಫೋಟೋಸೆಲ್ಲಿನ ಮೇಲೆ ಬಿದ್ದು ವಿದ್ಯುತ್ತಾಗುತ್ತದೆ. ವಿದ್ಯುತ್ತು ಸ್ಪೀಕರಿನಲ್ಲಿ ಮಾತಾಗುತ್ತದೆ.

ಇಷ್ಟು ತಿಳಿದರೆ ಆಪರೇಟರನ ಕಷ್ಟವೂ ತಿಳಿಯುತ್ತದೆ. ಗೆರೆ ರಂಧ್ರಗಳ ಕಡೆ ಸರಿದರೆ, ಚೌಕಟ್ಟಿಗೆ ನಾಲ್ಕರಂತೆ ಸೆಕೆಂಡಿಗೆ 96 ರಂಧ್ರಗಳು ಹಾಯ್ದು ಮಂದಿರದಲ್ಲೆಲ್ಲ ಗುಂಯ್ ಎಂಬ ಮೊರೆತ. ಚಿತ್ರದ ಕಡೆ ಸರಿದರೆ ಚೌಕಟ್ಟುಗಳ ನಡುವಣ ಗೆರೆಗಳೇ ಗುರುಗುಟ್ಟುತ್ತವೆ. ಇದನ್ನು ಸರಿಪಡಿಸಲು ಎರಡು ಅಂಚಿನಲ್ಲೂ ಬೇರೆ ಬೇರೆ ಸ್ವರವುಳ್ಳ ಪರೀಕ್ಷಾ ಫಿಲ್ಮು ಉಂಟು: ಒಂದು ಕಡೆ ಸೆಕೆಂಡಿಗೆ 300 ಕಂಪನ, ಇನ್ನೊಂದು ಕಡೆ 1000. ಎರಡೂ ಕೇಳಿಸದಿದ್ದರೆ ಗೆರೆ ನಡುವೆ ನಿಂತಿದೆ ಎಂದರ್ಥ.

ಆಮೇಲಿನ ಕೆಲಸ ಇನ್ನೂ ನಾಜೂಕು. ಗೆರೆಯು ಫಿಲ್ಮಿನ ಓಟಕ್ಕೆ ನೇರ ಅಡ್ಡವಾಗಿರಬೇಕು. ಸೆಕೆಂಡಿಗೆ 7000 ಕಂಪನದ ಸ್ವರದ ಒಂದು ಅಲೆ ಫಿಲ್ಮಿನ ಮೇಲೆ 0.065 ಮಿಲಿಮೀಟರ್ ಮಾತ್ರ. ಗೆರೆ ಒಂದೇ ಒಂದು ಡಿಗ್ರಿ ಓರೆಯಾದರೂ ಅದರ ಎರಡು ತುದಿಗಳು ಅರ್ಧ ಅಲೆಗಿಂತ ಹೆಚ್ಚು ಹಿಂದುಮುಂದಾಗುತ್ತವೆ. ಆ ಸ್ವರ ಕ್ಷೀಣಿಸುತ್ತದೆ. ಮೊದಲು ಪೆಟ್ಟು ಬೀಳುವುದು ಸ, ಶ, ಚ ಮೊದಲಾದ ಅಕ್ಷರಗಳಿಗೆ. ರಾಮಾಯಣದ ಕಥೆಯಲ್ಲಿ ‘ಶರ’ ‘ಸರ’ಗಳ ಭೇದವೇ ಕೇಳಿಸದಿದ್ದರೆ ಗತಿಯೇನು? ಬರೆದ ಶಾಸ್ತ್ರಿಗಳ ಶ್ರಮವೂ, ಆಡಿದ ನಟರ ಉಚ್ಚಾರಣೆಯೂ ಒಂದು ಸ್ಕ್ರೂವಿನ ಕಾಲು ಸುತ್ತಿನಲ್ಲಿ ಮಣ್ಣುಪಾಲು. ಆದುದರಿಂದ ಮಸೂರವನ್ನು ಕೂದಲಷ್ಟು ತಿರುಗಿಸಿ, ಸ್ವರ ಅತ್ಯಂತ ಗಟ್ಟಿಯಾಗಿ ಕೇಳುವೆಡೆ ಬಿಗಿಯಬೇಕು. ಮೀಟರು ಇಲ್ಲದ ಕಡೆ ಕಿವಿಯೇ ಪ್ರಮಾಣ.

ಕಾಲ ಸರಿದಂತೆ ಉಪಕರಣ ಸುಧಾರಿಸಿತು. ಗಾಜಿನ ಫೋಟೋಸೆಲ್ಲಿನ ಸ್ಥಳಕ್ಕೆ ಸಿಲಿಕಾನ್ ಸೆಲ್ ಬಂತು. 1970ರ ದಶಕದ ನಡುವೆ ಅದೇ ಪಟ್ಟಿಯಲ್ಲಿ ಎರಡು ಧ್ವನಿಪಥ ಹಿಡಿಸುವ ಸ್ಟೀರಿಯೋ ಬಂದಾಗ ಸೆಲ್ಲೂ ಎರಡು ಹೋಳಾಯಿತು. ಗೆರೆ ಸರಿದರೆ ಎಡದ ಧ್ವನಿ ಬಲಕ್ಕೆ ಸೋರತೊಡಗಿತು. ಆಮೇಲೆ ಕೆಂಪು ಎಲ್.ಇ.ಡಿ. ದೀಪ, ಅದಕ್ಕೆ ಹೊಂದುವ ನೀಲಿ-ಹಸಿರು ಬಣ್ಣದ ಧ್ವನಿಪಥ. ಹಳೆಯ ದೀಪದಲ್ಲಿ ಈ ಹೊಸ ಪಥ ಓಡಿಸಿದರೆ ಮಾತು ಕ್ಷೀಣಿಸುತ್ತಿತ್ತು. ಉಪಕರಣ ಹೊಸದಾದಷ್ಟೂ ಜೋಡಿಸುವವನ ಹೊಣೆ ಹೆಚ್ಚಿತೇ ಹೊರತು ತಗ್ಗಲಿಲ್ಲ. ಕಡೆಗೆ 2010ರ ದಶಕದಲ್ಲಿ ಡಿಜಿಟಲ್ ಪ್ರದರ್ಶನ ನಮ್ಮ ಮಂದಿರಗಳನ್ನು ತುಂಬಿತು; ಫಿಲ್ಮಿನೊಡನೆ ಆ ಕೈಚಳಕವೂ ಮನೆಗೆ ಹೋಯಿತು.

‘ಸತಿ ಸುಲೋಚನಾ’ದ ಕಾಲದ ಫಿಲ್ಮು ನೈಟ್ರೇಟಿನದು, ಬೆಂಕಿಗೆ ಸುಲಭದ ತುತ್ತು, ಇಟ್ಟಲ್ಲೇ ಕೊಳೆಯುವ ವಸ್ತು. ಆದರೂ ಎಂದಾದರೊಂದು ದಿನ ಯಾವುದಾದರೂ ಅಟ್ಟದ ಡಬ್ಬಿಯಲ್ಲಿ ಅದರ ಒಂದು ರೀಲು ದೊರೆತರೆ, ಶಾಸ್ತ್ರಿಗಳ ಮಾತು ಕೇಳಲು ಮೊದಲು ಬೇಕಾಗುವುದು ಪಂಡಿತರಲ್ಲ. ಆ ಪಟ್ಟಿಯ ಮೇಲೆ ಬೆಳಕಿನ ಗೆರೆಯನ್ನು ನೇರಕ್ಕೆ ನಿಲ್ಲಿಸಬಲ್ಲ ಒಬ್ಬ ಕೆಲಸಗಾರ. ಅಂಥವರಲ್ಲಿ ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಕೈಯ ವಿದ್ಯೆಯನ್ನು ಬರೆದಿಟ್ಟುಕೊಳ್ಳುವುದೂ ಚಿತ್ರೇತಿಹಾಸದ ಕೆಲಸವೇ.