ಮೆತ್ತಗಿನ ಪೆಟ್ಟು

ಒಂದು ಭಾನುವಾರ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಮೆಸೇಜು ಬಂತು: ‘ಎಂಟನೇ ಮಹಡಿಯಲ್ಲಿ ಯಾರೋ ಡ್ರಮ್ ಬಾರಿಸ್ತಿದ್ದಾರೆ, ದಯವಿಟ್ಟು ನಿಲ್ಲಿಸೋಕೆ ಹೇಳಿ.’ ಯಾರೋ ಅಲ್ಲ, ನಾನೇ. ಡ್ರಮ್ಮೂ ಅಲ್ಲ, ಮದ್ದಳೆ. ಎದುರಿಗೆ ಮಾವ ಕೂತು ಬಾಯಲ್ಲಿ ಪೆಟ್ಟು ಹೇಳುತ್ತಿದ್ದರು, ನಾನು ತಪ್ಪುತಪ್ಪಾಗಿ ಬಾರಿಸುತ್ತಿದ್ದೆ.

ಮಾವನ ಊರು ಮಿಜಾರು. ಮಂಗಳೂರಿನಿಂದ ಹೊರಟು, ಮೂಡುಬಿದಿರೆ ಇನ್ನೇನು ಬಂತು ಅನ್ನುವಾಗ ಹೆದ್ದಾರಿಯಲ್ಲಿ ಸಿಗುತ್ತದಲ್ಲ, ಅದೇ. ಯಕ್ಷಗಾನ ನೋಡುವವರಿಗೆ ಈ ಹೆಸರು ತೆಂಕುತಿಟ್ಟಿನ ಹಾಸ್ಯಗಾರ ಮಿಜಾರು ಅಣ್ಣಪ್ಪ ಅವರಿಂದ ಗೊತ್ತು. ಯಕ್ಷಗಾನ ನೋಡದವರಿಗೆ 2020ರಲ್ಲಿ ಗೊತ್ತಾಯಿತು. ಉಸೇನ್ ಬೋಲ್ಟ್ ಜೊತೆ ಹೋಲಿಸಿ ದೇಶವೆಲ್ಲ ಮಾತಾಡಿತಲ್ಲ, ಆ ಕಂಬಳದ ಓಟಗಾರ ಶ್ರೀನಿವಾಸ ಗೌಡರು ಮಿಜಾರು ಅಶ್ವತ್ಥಪುರದವರು. ನಮ್ಮ ಮಾವ ಇಂಥ ಯಾವ ಪಟ್ಟಿಯಲ್ಲೂ ಇಲ್ಲ. ಅವರು ಮೇಳ ಸೇರಿದವರಲ್ಲ. ಹಗಲು ಅಡಿಕೆ ತೋಟ, ರಾತ್ರಿ ಎಲ್ಲಾದರೂ ತಾಳಮದ್ದಳೆ ಇದ್ದರೆ ಮದ್ದಳೆ ಹೆಗಲಿಗೆ ಹಾಕಿಕೊಂಡು ನಡೆಯುವುದು. ನಲವತ್ತು ವರ್ಷ ಹೀಗೇ ಕಳೆಯಿತು. ಆಮೇಲೆ ಪಾರ್ಶ್ವವಾಯು ಬಂತು, ಬಲಗೈ ಸೋತಿತು. ಫಿಸಿಯೋಥೆರಪಿಗೆಂದು ಬೆಂಗಳೂರಿಗೆ ಬಂದಾಗ ಬಟ್ಟೆಯ ಚೀಲದ ಜೊತೆ ಮದ್ದಳೆಯೂ ಬಂತು. ಬೆರಳು ಆಡಿಸುತ್ತಿರಿ ಎಂದು ಥೆರಪಿಸ್ಟ್ ಹೇಳಿದ್ದರು. ಬೇರೆ ಹೇಗೆ ಆಡಿಸಬೇಕು ಅಂತ ಮಾವನಿಗೆ ಗೊತ್ತಿರಲಿಲ್ಲ.

2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳನ್ನು ತೆಗೆದು ನೋಡಿದೆ. ಅದರಲ್ಲಿ ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ನಾವು ಬಾರಿಸಿದ್ದು 9 ಗಂಟೆಗೆ. ಆದರೆ ಅಪಾರ್ಟ್‌ಮೆಂಟಿನಲ್ಲಿ ಬದುಕಬೇಕಾದ್ದು ಕಾನೂನಿನ ಜೊತೆಯಲ್ಲ, ಪಕ್ಕದ ಮನೆಯವರ ಜೊತೆ. ಸರಿ, ಸದ್ದಿಲ್ಲದ ಮದ್ದಳೆ ಒಂದು ಮಾಡೋಣ ಅಂತ ಎಸ್.ಪಿ. ರೋಡಿಗೆ ಹೋದೆ. ಕೋಡ್ ಬರೆದು ಸಂಬಳ ತಗೊಳ್ಳುವವನಿಗೆ ಇದೆಷ್ಟರ ಕೆಲಸ ಎಂಬ ಧಿಮಾಕು ಬೇರೆ.

ನಾನು ತಂದದ್ದು ಪೀಜೋ ಬಿಲ್ಲೆಗಳು. ಹಿತ್ತಾಳೆ ಬಣ್ಣದ ತೆಳು ತಗಡು, ಅದರ ನಡುವೆ ಬಿಳಿ ಸೆರಾಮಿಕ್, ಎರಡು ವೈರು. ಇದರ ಇತಿಹಾಸ ಪ್ಯಾರಿಸ್ಸಿನಲ್ಲಿ ಶುರುವಾಗುತ್ತದೆ. 1880ರಲ್ಲಿ ಜಾಕ್ ಕ್ಯೂರಿ ಮತ್ತು ಅವನ ತಮ್ಮ ಪಿಯರ್ ಕ್ಯೂರಿ ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು ತೋರಿಸಿದರು. ಪಿಯರ್‌ಗೆ ಆಗ ಇಪ್ಪತ್ತೊಂದು. ಮೇರಿ ಕ್ಯೂರಿ ಅವನ ಬದುಕಿಗೆ ಬರಲು ಇನ್ನೂ ಬಹಳ ವರ್ಷ ಇತ್ತು. ಅದೇ ಗುಣ ಮುಂದೆ ಗ್ರಾಮೋಫೋನಿನ ಮುಳ್ಳಿಗೆ ಬಂತು, ಗ್ಯಾಸ್ ಲೈಟರಿಗೆ ಬಂತು, ಗೋಡೆ ಗಡಿಯಾರದ ಬಝರ್‌ಗೂ ಬಂತು. ಬಝರ್‌ಗೆ ವಿದ್ಯುತ್ತು ಕೊಟ್ಟರೆ ಸದ್ದು. ಅದನ್ನೇ ತಿರುಗಿಸಿ ಹೊಡೆದರೆ ವಿದ್ಯುತ್ತು. ಮನೆಯಲ್ಲಿ ಡ್ರಮ್ ಟ್ರಿಗರ್ ಮಾಡುವವರೆಲ್ಲ ಬದುಕುವುದು ಈ ತಿರುಗುಮುರುಗಿನ ಮೇಲೆ.

ಮೌಸ್‌ಪ್ಯಾಡ್ ಕತ್ತರಿಸಿ, ಕೆಳಗೆ ಪ್ಲೈವುಡ್ಡು, ನಡುವೆ ಬಿಲ್ಲೆ, ಆರ್ಡುಯಿನೋ ಬೋರ್ಡಿಗೆ ಎರಡು ವೈರು. ಮೊದಲ ಬೋರ್ಡು ಮೊದಲ ಸಂಜೆಯೇ ಸತ್ತಿತು. ಜೋರಾಗಿ ಹೊಡೆದರೆ ಈ ಬಿಲ್ಲೆ ಹತ್ತಾರು ವೋಲ್ಟ್ ಉಗುಳುತ್ತದೆ, ಬೋರ್ಡು ತಡೆಯುವುದು 5 ವೋಲ್ಟ್. ಅಡ್ಡಕ್ಕೆ ಒಂದು ಜೀನರ್ ಡಯೋಡು, ಒಂದು ಮೆಗಾಓಮ್ ರೆಸಿಸ್ಟರ್ ಹಾಕಬೇಕಿತ್ತು. ಎರಡನೇ ಬೋರ್ಡಿಗೆ ಹಾಕಿದೆ. ಆಗ ಒಂದು ಪೆಟ್ಟಿಗೆ ಮೂರು ಸದ್ದು ಬರತೊಡಗಿತು, ಯಾಕೆಂದರೆ ಹೊಡೆದ ಮೇಲೂ ಬಿಲ್ಲೆ ನಡುಗುತ್ತಲೇ ಇರುತ್ತದೆ. ಅದಕ್ಕೆ ಎಲ್ಲರೂ ಮಾಡುವ ಉಪಾಯ ಎರಡು. ಒಂದು ಪೆಟ್ಟು ಬಿದ್ದ ಮೇಲೆ ಕೆಲವು ಮಿಲಿಸೆಕೆಂಡು ಕಿವಿ ಮುಚ್ಚಿಕೊಳ್ಳುವುದು. ಇನ್ನೊಂದು, ಇಷ್ಟಕ್ಕಿಂತ ಕಡಿಮೆ ಬಂದದ್ದು ಪೆಟ್ಟೇ ಅಲ್ಲ, ಗಲಾಟೆ ಎಂದು ಬಿಟ್ಟುಬಿಡುವುದು. ಈ ಎರಡನೆಯದಕ್ಕೆ ಥ್ರೆಶ್‌ಹೋಲ್ಡ್ ಅನ್ನುತ್ತಾರೆ. ನಮ್ಮ ಕನ್ನಡದಲ್ಲಿ ಹೊಸ್ತಿಲು.

ಎಲ್ಲ ಸರಿಯಾಯಿತು. ಹೆಡ್‌ಫೋನು ಹಾಕಿಕೊಂಡು ಬಾರಿಸಿದೆ, ಚೆನ್ನಾಗಿ ಕೇಳಿಸಿತು. ಮಾವನ ಕಿವಿಗೆ ಹೆಡ್‌ಫೋನು ಸಿಕ್ಕಿಸಿ ಪ್ಯಾಡನ್ನು ತೊಡೆಯ ಮೇಲಿಟ್ಟೆ. ಅವರು ಬಾರಿಸಿದರು.

ಏನೂ ಕೇಳಿಸಲಿಲ್ಲ.

ಇನ್ನೊಮ್ಮೆ ಬಾರಿಸಿದರು. ಬೆರಳು ಬಿದ್ದದ್ದು ನನಗೆ ಕಾಣಿಸಿತು. ಯಂತ್ರಕ್ಕೆ ಕಾಣಲಿಲ್ಲ. ಅವರ ಪೆಟ್ಟು ನಾನಿಟ್ಟ ಹೊಸ್ತಿಲು ದಾಟಲಿಲ್ಲ. ಹೊಸ್ತಿಲು ತಗ್ಗಿಸಿದರೆ ಪಕ್ಕದ ಟೀಪಾಯಿಯ ಮೇಲೆ ಲೋಟ ಇಟ್ಟದ್ದೂ ಪೆಟ್ಟಾಗುತ್ತಿತ್ತು. ಮಾವ ಹೆಡ್‌ಫೋನು ತೆಗೆದು ನನ್ನ ಕೈಗೆ ಕೊಟ್ಟರು. ‘ಇರ್ಲಿ ಮಾರಾಯ, ನನ್ನ ಕೈಯಲ್ಲೇ ಈಗ ಏನಿಲ್ಲ’ ಅಂದರು. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ತಪ್ಪು ನನ್ನ ಕೋಡಿನದು ಮಾತ್ರವಲ್ಲ ಅಂತ ಆಮೇಲೆ ಓದಿದಾಗ ಅನ್ನಿಸಿತು. ವಿದ್ಯುತ್ ಡ್ರಮ್ಮುಗಳ ಇತಿಹಾಸವೇ ಜೋರಾಗಿ ಹೊಡೆಯುವವರ ಇತಿಹಾಸ. ಇಂಗ್ಲೆಂಡಿನ ಮೂಡಿ ಬ್ಲೂಸ್ ತಂಡದ ಡ್ರಮ್ಮರ್ ಗ್ರೇಮ್ ಎಡ್ಜ್ 1971ರ ಆಲ್ಬಮ್ಮಿಗೇ ಇಂಥದ್ದೊಂದನ್ನು ಮಾಡಿಸಿಕೊಂಡಿದ್ದ. 1981ರಲ್ಲಿ ಸಿಮನ್ಸ್ ಕಂಪನಿಯ ಆರು ಮೂಲೆಯ ಪ್ಯಾಡುಗಳು ಬಂದವು. ಹಳೆಯ ಎಂಬತ್ತರ ದಶಕದ ವಿಡಿಯೋಗಳಲ್ಲಿ ಕಾಣುವುದು ಅವೇ. ಪಾಲಿಕಾರ್ಬೊನೇಟಿನ ಗಟ್ಟಿ ಮೈ, ಹೊಡೆದವರ ಮಣಿಕಟ್ಟು ನೋಯುತ್ತಿತ್ತು. 1983ರಲ್ಲಿ ವಾದ್ಯಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಮಿಡಿ ಎಂಬ ಭಾಷೆ ಬಂತು. 1985ರಲ್ಲಿ ರೋಲಾಂಡ್ ಕಂಪನಿಯ ಆಕ್ಟಾಪ್ಯಾಡ್ ಬಂತು, ಎಂಟು ರಬ್ಬರ್ ಚೌಕಗಳ ಪೆಟ್ಟಿಗೆ. ಇದನ್ನು ನಾನು ಪರಿಚಯಿಸಬೇಕಿಲ್ಲ. ಗಣೇಶೋತ್ಸವದ, ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಿ ಕೀಬೋರ್ಡಿನ ಪಕ್ಕ ನಿಂತು ಒಬ್ಬನೇ ಡೋಲಕ್ಕು, ತಬಲಾ, ತಮಟೆ, ಗಾಜು ಒಡೆದ ಸದ್ದು ಎಲ್ಲ ಬಾರಿಸುತ್ತಾನಲ್ಲ, ಅವನ ಮುಂದೆ ಇರುವುದು ಆ ಪೆಟ್ಟಿಗೆಯ ಮಕ್ಕಳು ಮೊಮ್ಮಕ್ಕಳು.

ಮಿಡಿಯಲ್ಲಿ ಒಂದು ಪೆಟ್ಟು ಅಂದರೆ ಯಾವ ಸದ್ದು ಅನ್ನುವ ಒಂದು ಅಂಕಿ, ಎಷ್ಟು ಜೋರು ಅನ್ನುವ ಇನ್ನೊಂದು ಅಂಕಿ. ಎರಡನೆಯದು 1ರಿಂದ 127. ಒತ್ತಿ ಹಿಡಿದದ್ದನ್ನು ಹೇಳಲು ಮಿಡಿಯಲ್ಲಿ ಬೇರೆ ದಾರಿ ಇದೆ, ಆದರೆ ಡ್ರಮ್ ಪ್ಯಾಡುಗಳು ಅದನ್ನು ಹೆಚ್ಚು ಬಳಸಲಿಲ್ಲ. ಕೋಲಿನಿಂದ ಹೊಡೆಯುವ ಡ್ರಮ್ಮಿಗೆ ಅದು ಬೇಕಾಗಿಯೂ ಇಲ್ಲ, ಕೋಲು ಬಿದ್ದು ಎದ್ದುಹೋಗುತ್ತದೆ. ನಮ್ಮ ಚೆಂಡೆಗೂ ಹೆಚ್ಚುಕಡಿಮೆ ಇಷ್ಟು ಸಾಕು. ಎರಡು ಕೋಲು, ಬಿಗಿದ ಚರ್ಮ, ಪೆಟ್ಟು. ಪೀಜೋ ಬಿಲ್ಲೆ ಚೆಂಡೆಗೆ ಹೇಳಿ ಮಾಡಿಸಿದ ಹಾಗಿದೆ. ಮದ್ದಳೆ ಹಾಗಲ್ಲ. ಅಲ್ಲಿ ಕೈ ಬೀಳುವುದು ಅರ್ಧ ಕೆಲಸ. ಬಿದ್ದ ಕೈ ಅಲ್ಲೇ ನಿಂತಿತೋ ಎದ್ದಿತೋ, ಯಾವ ಬೆರಳು ಚರ್ಮದ ಮೇಲೆ ಉಳಿಯಿತು ಅನ್ನುವುದು ಇನ್ನರ್ಧ. ಪೀಜೋಗೆ ಈ ಇನ್ನರ್ಧ ಕೇಳಿಸುವುದೇ ಇಲ್ಲ. ಅದು ಒತ್ತಡ ಬದಲಾದಾಗ ಮಾತ್ರ ಮಾತಾಡುತ್ತದೆ. ಕೈ ಸುಮ್ಮನೆ ಇದ್ದರೆ ಅದಕ್ಕೆ ಕೈಯೇ ಇಲ್ಲ.

ಇದನ್ನು ನಮ್ಮವರಲ್ಲಿ ವಿಜ್ಞಾನದ ಭಾಷೆಯಲ್ಲಿ ಮೊದಲು ಬರೆದವರು ಬೇರೆ ಯಾರೂ ಅಲ್ಲ, ಸಿ.ವಿ. ರಾಮನ್. ನೊಬೆಲ್‌ಗೆ ಹತ್ತು ವರ್ಷ ಮೊದಲು, 1920ರಲ್ಲಿ, ಶಿವಕಾಳಿ ಕುಮಾರ್ ಜೊತೆ ‘ನೇಚರ್’ ಪತ್ರಿಕೆಯಲ್ಲಿ ನಮ್ಮ ಚರ್ಮವಾದ್ಯಗಳ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಬರೆದರು. 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ನಿರ್ದೇಶಕರಾಗಿ ಬಂದರು. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿ, ಅದರ ಪತ್ರಿಕೆಯ ಮೊದಲ ಸಂಪುಟದಲ್ಲೇ ಈ ವಾದ್ಯಗಳ ಮೇಲೆ ವಿವರವಾದ ಲೇಖನ ಪ್ರಕಟಿಸಿದರು. ಸಾಮಾನ್ಯ ಡ್ರಮ್ಮಿನ ಚರ್ಮ ಹೊಡೆದಾಗ ಮೂಲ ಸ್ವರದ ಮೇಲೆ ಏಳುವ ಕಂಪನಗಳು 1.59, 2.14, 2.30 ಪಟ್ಟು ಹೀಗೆ ಅಡ್ಡಾದಿಡ್ಡಿ. ಕಿವಿಗೆ ಅದು ಸ್ವರವಲ್ಲ, ಸದ್ದು. ಮೃದಂಗದ ನಡುವೆ ಕಪ್ಪು ಕರಣೆ ಹಾಕಿದಾಗ ಆ ಕಂಪನಗಳು 1, 2, 3, 4, 5 ಎಂದು ಸಾಲಾಗಿ ನಿಲ್ಲುತ್ತವೆ, ತಂತಿವಾದ್ಯದ ಹಾಗೆ. ಚರ್ಮ ಕಂಪಿಸುವ ಒಂಬತ್ತು ಬಗೆಗಳು ಈ ಐದರೊಳಗೆ ಬಂದು ಸೇರಿಕೊಳ್ಳುವುದನ್ನು ರಾಮನ್ ಚರ್ಮದ ಮೇಲೆ ಮರಳು ಚಿಮುಕಿಸಿ ತೋರಿಸಿದರು.

ಆ ಪ್ರಯೋಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮರಳಲ್ಲ, ಬೆರಳು. ಬೇರೆಬೇರೆ ಕಂಪನಗಳನ್ನು ಬಿಡಿಸಿ ತೋರಿಸಲು ಚರ್ಮದ ಒಂದು ಕಡೆ ಬೆರಳನ್ನು ಮೆತ್ತಗೆ ಮುಟ್ಟಿಸಿಕೊಂಡು ಇನ್ನೊಂದು ಕಡೆ ಹೊಡೆಯಬೇಕು. ಮೃದಂಗ ಕಲಿಯುವ ಮಕ್ಕಳು ಮೊದಲ ತಿಂಗಳಲ್ಲೇ ಇದನ್ನು ಮಾಡುತ್ತಾರೆ. ಉಂಗುರ ಬೆರಳು ಕರಣೆಯ ಅಂಚಿನಲ್ಲಿ ಕೂತಿರುತ್ತದೆ, ತೋರುಬೆರಳು ಅಂಚಿಗೆ ಹೊಡೆಯುತ್ತದೆ, ‘ನಂ’ ಅಂತ ಸ್ವರ ಏಳುತ್ತದೆ. ಹೊಡೆಯದ ಬೆರಳೇ ಯಾವ ಸ್ವರ ಬರಬೇಕು ಅಂತ ತೀರ್ಮಾನಿಸುತ್ತದೆ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ಅನ್ನ ಅರೆದು, ಕಲ್ಲಿನ ಪುಡಿ ಬೆರೆಸಿ, ಒಂದೊಂದೇ ಪದರ ಒಣಗಿಸಿ ಉಜ್ಜಿ ಆ ಕರಣೆ ಹಾಕುವವರು ಸಮೀಕರಣ ಬರೆದವರಲ್ಲ. ಚರ್ಮ ಮುಟ್ಟುತ್ತಾರೆ ಅನ್ನುವ ಕಾರಣಕ್ಕೇ ಸಂಗೀತ ಕಛೇರಿಯ ಹೊಸ್ತಿಲಾಚೆ ಉಳಿದವರು. ಟಿ.ಎಂ. ಕೃಷ್ಣ ಅವರು 2020ರಲ್ಲಿ ಮೃದಂಗ ಮಾಡುವವರ ಬಗ್ಗೆಯೇ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕ ಬರೆಯುವವರೆಗೆ ನನ್ನಂಥವರು ಅವರ ಹೆಸರನ್ನೂ ಕೇಳಿರಲಿಲ್ಲ. ಕಪ್ಪು ಬಿಲ್ಲೆಯ ಗಣಿತ 1920ರಲ್ಲೇ ದಾಖಲಾಯಿತು. ಅದನ್ನು ಕಿವಿಯಲ್ಲೇ ಲೆಕ್ಕ ಹಾಕಿ ಹಾಕಿದವರು ದಾಖಲಾಗಲು ಇನ್ನೂ ನೂರು ವರ್ಷ ಬೇಕಾಯಿತು. ಥ್ರೆಶ್‌ಹೋಲ್ಡ್ ಇಡುವವರು ಇಂಜಿನಿಯರುಗಳು ಮಾತ್ರ ಅಲ್ಲ.

ಇಷ್ಟು ಓದುವ ಹೊತ್ತಿಗೆ ನನಗೆ ಬೇಕಾದ ಸೆನ್ಸರ್ ಬೇರೆಯೇ ಎಂಬುದು ಖಾತ್ರಿಯಾಗಿತ್ತು. ಎಫ್‌ಎಸ್‌ಆರ್ ಅಂತಾರೆ, ಒತ್ತಿದರೆ ವಿದ್ಯುತ್ ತಡೆ ಕಡಿಮೆಯಾಗುವ ತೆಳು ಹಾಳೆ. ಎರಡು ಪ್ಲಾಸ್ಟಿಕ್ ಪದರ, ಒಂದರ ಮೇಲೆ ಬಾಚಣಿಗೆ ಹಲ್ಲಿನಂಥ ಗೆರೆಗಳು, ಇನ್ನೊಂದರ ಮೇಲೆ ಇಂಗಾಲದ ಶಾಯಿ. ಅಮೆರಿಕದ ಫ್ರಾಂಕ್ಲಿನ್ ಇವೆಂಟಾಫ್ ಎಂಬವನ ಕೆಲಸ ಇದು. 1980ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಇದು ತಕ್ಕಡಿಯಷ್ಟು ನಿಖರವಲ್ಲ, ಪೀಜೋದಷ್ಟು ಚುರುಕೂ ಅಲ್ಲ. ಆದರೆ ಕೈ ಎಷ್ಟು ಹೊತ್ತು ಇರುತ್ತದೋ ಅಷ್ಟು ಹೊತ್ತೂ ‘ಇದೆ, ಇದೆ’ ಅನ್ನುತ್ತದೆ. 2002ರಲ್ಲಿ ಡಬ್ಲಿನ್‌ನಲ್ಲಿ ಹೊಸ ಸಂಗೀತ ಸಾಧನಗಳ ಸಮ್ಮೇಳನ ನಡೆದಾಗ ಪ್ರಿನ್ಸ್‌ಟನ್ನಿನ ಅಜಯ್ ಕಪೂರ್ ಮತ್ತು ಗೆಳೆಯರು ಇದೇ ಹಾಳೆಗಳನ್ನು ಹಚ್ಚಿದ ಎಲೆಕ್ಟ್ರಾನಿಕ್ ತಬಲಾ ಒಂದನ್ನು ವಿವರಿಸಿದ್ದರು. ಕೈ ಎಲ್ಲಿ ಬಿತ್ತು, ಎಷ್ಟು ಒತ್ತಿತು ಎಂಬುದೇ ಅವರ ತಲೆನೋವೂ ಆಗಿತ್ತು. ನಮ್ಮ ಬೆಂಗಳೂರಿನಲ್ಲೂ ಇಂಥ ಪರಂಪರೆ ಇದೆ. ಸ್ವತಃ ಕೊಳಲು ನುಡಿಸುವ ಇಂಜಿನಿಯರ್ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಇವತ್ತು ಕಛೇರಿಗಳಲ್ಲಿ ಅಂಥ ಪೆಟ್ಟಿಗೆಗಳನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ವಾದ್ಯ ಗೊತ್ತಿದ್ದವರು ಯಂತ್ರ ಮಾಡಿದರೆ ಯಂತ್ರಕ್ಕೆ ಏನು ಕೇಳಿಸಬೇಕು ಅಂತ ಅವರಿಗೆ ಗೊತ್ತಿರುತ್ತದೆ.

ನನಗೆ ಗೊತ್ತಿರಲಿಲ್ಲ. ಹಾಗಾಗಿ ಈ ಸಲ ಮಾವನನ್ನು ಕೇಳಿದೆ. ಬೆರಳು ಎಲ್ಲಿ ಬೀಳುತ್ತದೆ, ಅಂಗೈ ಎಲ್ಲಿ ಕೂರುತ್ತದೆ ಅಂತ ಪ್ಲೈವುಡ್ಡಿನ ಮೇಲೆ ಅವರಿಂದಲೇ ಪೆನ್ಸಿಲಲ್ಲಿ ಗುರುತು ಹಾಕಿಸಿದೆ. ಬಲಗೈಗೆ ಪೆನ್ಸಿಲು ನಿಲ್ಲಲಿಲ್ಲ, ಎಡಗೈಯಲ್ಲಿ ಹಾಕಿದರು. ಬೆರಳಿಗೆ ಎರಡು ಹಾಳೆ, ಅಂಗೈಗೆ ಒಂದು. ಪ್ರತಿಯೊಂದಕ್ಕೂ 10 ಕಿಲೋಓಮ್ ರೆಸಿಸ್ಟರ್. ಬೋರ್ಡು ಓದುವ ಅಂಕಿ 0ಯಿಂದ 1023. ನನ್ನ ಪೆಟ್ಟಿಗೆ 600, 700 ಬರುತ್ತಿತ್ತು. ಮಾವನ ಬೆರಳಿಗೆ 40ರ ಆಸುಪಾಸು. ಸಣ್ಣದೇ. ಆದರೆ ಸೊನ್ನೆಯಲ್ಲ, ಟೀಪಾಯಿಯ ಲೋಟವೂ ಅಲ್ಲ. ಆ 40ಕ್ಕೆ ಪೂರ್ತಿ ಸದ್ದು ಕೊಡು ಅಂತ ಕೋಡಿನಲ್ಲಿ ಬರೆದೆ.

ಬೆರಳು ಬಿತ್ತು, ಹೆಡ್‌ಫೋನಿನಲ್ಲಿ ಮದ್ದಳೆ ನುಡಿಯಿತು. ಮಾವ ಬಹಳ ಹೊತ್ತು ಒಂದೇ ಪೆಟ್ಟನ್ನು ಬಾರಿಸುತ್ತ ಕೂತರು. ನಾನು ಲ್ಯಾಪ್‌ಟಾಪಿನಲ್ಲಿ ಗೆರೆ ನೋಡುತ್ತಿದ್ದೆ. ಗೆರೆ ಏರುತ್ತಿತ್ತು, ಇಳಿಯಲು ತಡ ಮಾಡುತ್ತಿತ್ತು. ಬಿದ್ದ ಬೆರಳನ್ನು ಎತ್ತುವುದೇ ಅವರಿಗೆ ಕಷ್ಟವಾಗಿತ್ತು. ಸಂಗೀತದ ಲೆಕ್ಕದಲ್ಲಿ ಎಲ್ಲವೂ ಮುಚ್ಚಿದ ಪೆಟ್ಟೇ. ಅವರಿಗದು ನನಗಿಂತ ಮೊದಲೇ ಗೊತ್ತಾಗಿತ್ತು. ‘ಕೈ ಎತ್ತಿದ್ದು ಇದಕ್ಕೆ ಗೊತ್ತಾಗ್ತದಾ?’ ಅಂತ ಕೇಳಿದರು. ಗೊತ್ತಾಗ್ತದೆ ಅಂದೆ. ‘ಹಾಗಾದ್ರೆ ಎತ್ತುದು ಕಲಿಬೇಕು’ ಅಂದರು. ಆಮೇಲಿನ ಎರಡು ತಿಂಗಳು ಅವರು ಬಾರಿಸುವುದನ್ನು ಕಲಿಯಲಿಲ್ಲ, ಎತ್ತುವುದನ್ನು ಕಲಿತರು. ದಿನಾ ಸಂಜೆ ಆಫೀಸಿನಿಂದ ಬಂದ ಮೇಲೆ ಗೆರೆ ಎಷ್ಟು ಬೇಗ ಇಳಿಯಿತು ಅಂತ ನಾನು ಓದಿ ಹೇಳಬೇಕಿತ್ತು. ಕ್ರಿಕೆಟ್ ಸ್ಕೋರು ಕೇಳಿದ ಹಾಗೆ ಕೇಳುತ್ತಿದ್ದರು.

ಎಲ್ಲ ಮೊದಲಿನಂತಾಯಿತು ಅಂತ ನಾನು ಬರೆಯುವುದಿಲ್ಲ, ಆಗಿಲ್ಲ. ತಾಳಮದ್ದಳೆಗೆ ಮಾವ ಈಗ ಕೇಳುವವರಾಗಿ ಹೋಗುತ್ತಾರೆ. ಪ್ಯಾಡು ಮಿಜಾರಿನ ಮನೆಯ ಚಾವಡಿಯಲ್ಲಿದೆ. ಅಲ್ಲಿ ದೂರು ಕೊಡುವ ನೆರೆಯವರಿಲ್ಲ, ಆದರೂ ಅವರು ಬಾರಿಸುವುದು ಹೆಡ್‌ಫೋನು ಹಾಕಿಕೊಂಡೇ. ತಪ್ಪು ಬೇರೆಯವರಿಗೆ ಕೇಳಿಸುವುದು ಬೇಡವಂತೆ.

ಮಿಜಾರಿನಲ್ಲಿ ಈಗ ಎರಡು ಇಂಜಿನಿಯರಿಂಗ್ ಕಾಲೇಜುಗಳಿವೆ, 2007ರಲ್ಲಿ ಒಂದು, ಮರುವರ್ಷ ಇನ್ನೊಂದು. ಮಾವನ ತೋಟದಾಚೆಯ ಮನೆಯ ಹುಡುಗ ಅವುಗಳಲ್ಲೊಂದರಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾನೆ. ಮಳೆಗಾಲದಲ್ಲಿ ಒಂದು ವೈರು ತುಕ್ಕು ಹಿಡಿದು ಬಿಟ್ಟುಹೋದಾಗ ಬೆಸುಗೆ ಹಾಕಿದವನು ಅವನೇ. ಹಾಕಿದ ಮೇಲೆ ಬೆಂಗಳೂರಿಗೆ ಫೋನು ಮಾಡಿದ: ‘ಅಣ್ಣಾ, ಥ್ರೆಶ್‌ಹೋಲ್ಡ್ ತುಂಬಾ ಕೆಳಗುಂಟು. ಸೊಳ್ಳೆ ಕೂತ್ರೂ ಸದ್ದು ಬರ್ತದೆ. ಮೇಲೆ ಮಾಡ್ಲಾ?’

ಬೇಡ ಅಂದೆ. ಸೊಳ್ಳೆ ಬಾರಿಸಿದರೆ ಬಾರಿಸಲಿ.