ಕೋರ್ದೋಬ ಸುಧಾರಣೆ (1918)

ಅರ್ಜೆಂಟೀನಾದ ಕೋರ್ದೋಬ ವಿಶ್ವವಿದ್ಯಾಲಯದಲ್ಲಿ 1918ರಲ್ಲಿ ನಡೆದ ವಿದ್ಯಾರ್ಥಿ ಚಳವಳಿ. ವಿಶ್ವವಿದ್ಯಾಲಯವನ್ನು ಅಧ್ಯಾಪಕರು, ಪದವೀಧರರು, ವಿದ್ಯಾರ್ಥಿಗಳು ಕೂಡಿ ಆಳಬೇಕು, ಸರ್ಕಾರ ಅದರೊಳಗೆ ಕೈಹಾಕಬಾರದು ಎಂಬ ಎರಡು ಮಾತುಗಳು ಲ್ಯಾಟಿನ್ ಅಮೆರಿಕದ ತುಂಬ ಹಬ್ಬಿದ್ದು ಇಲ್ಲಿಂದಲೇ.

ಜೆಸ್ಯೂಟ್ ಪಾದ್ರಿಗಳು 1613ರಲ್ಲಿ ಆರಂಭಿಸಿದ ಈ ವಿದ್ಯಾಸಂಸ್ಥೆ ದೇಶದಲ್ಲೇ ಹಳೆಯದು. ಮುನ್ನೂರು ವರ್ಷ ಕಳೆದರೂ ಅಲ್ಲಿ ಚರ್ಚಿನ ಹಿಡಿತ ಸಡಿಲವಾಗಿರಲಿಲ್ಲ. 1885ರ ಅವೆಲ್ಯಾನೇಡ ಕಾನೂನು ವಿಶ್ವವಿದ್ಯಾಲಯಗಳಿಗೆ ಒಂದು ಚೌಕಟ್ಟಿನೊಳಗೆ ತಮ್ಮ ನಿಯಮಾವಳಿಯನ್ನು ತಾವೇ ರೂಪಿಸಿಕೊಳ್ಳಲು ಬಿಟ್ಟಿತ್ತು. ಅಷ್ಟರಮಟ್ಟಿಗೆ ಸ್ವಾಯತ್ತತೆ ಇತ್ತು ಎನ್ನಬಹುದು. ಆದರೆ ಕೋರ್ದೋಬದಲ್ಲಿ ಅದು ‘ಅಕಾಡೆಮಿ’ ಎಂಬ ಮಂಡಳಿಗಳ ಕೈಸೇರಿತು. ಅವುಗಳ ಸದಸ್ಯತ್ವ ಜೀವನಪರ್ಯಂತ. ಒಂದು ಸ್ಥಾನ ತೆರವಾದರೆ ಉಳಿದವರೇ ತಮಗೆ ಬೇಕಾದವರನ್ನು ತಂದು ಕೂರಿಸುತ್ತಿದ್ದರು. ಸದಸ್ಯರಾಗಲು ಪಾಠ ಹೇಳಲೇಬೇಕೆಂಬ ಕಟ್ಟಳೆಯೂ ಇರಲಿಲ್ಲ. ಹೊರಗಿನವರ ಹಂಗಿಲ್ಲದ ಸಂಸ್ಥೆ ಒಳಗಿನ ಕೆಲವೇ ಮನೆತನಗಳ ಸೊತ್ತಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ.

ಕಿಡಿ ಹತ್ತಿದ್ದು ಸಣ್ಣ ವಿಷಯಕ್ಕೆ. 1917ರ ಕೊನೆಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಆಸ್ಪತ್ರೆಯಲ್ಲೇ ಉಳಿದು ಕಲಿಯುವ ವ್ಯವಸ್ಥೆಯನ್ನು ಆಡಳಿತ ರದ್ದುಮಾಡಿತು. ವಿದ್ಯಾರ್ಥಿಗಳು ತರಗತಿ ಬಹಿಷ್ಕರಿಸಿದರು. ಅಧ್ಯಕ್ಷ ಇಪೋಲಿತೊ ಇರಿಗೋಯೆನ್ ಸರ್ಕಾರ ಹೋಸೆ ನಿಕೋಲಾಸ್ ಮಾತಿಯೆನ್ಸೊ ಅವರನ್ನು ತನ್ನ ಪ್ರತಿನಿಧಿಯಾಗಿ ಕಳಿಸಿತು. ಅವರು ಆಜೀವ ಸದಸ್ಯತ್ವ ತೆಗೆದುಹಾಕಿ ಅಧ್ಯಾಪಕರಿಗೆ ಮತದಾನದ ಹಕ್ಕು ಕೊಟ್ಟರು. ವಿದ್ಯಾರ್ಥಿಗಳಿಗೆ ಮತವಿರಲಿಲ್ಲ. ಆದರೂ ತಮ್ಮ ಒಲವಿನ ಎನ್ರಿಕೆ ಮಾರ್ತಿನೆಸ್ ಪಾಸ್ ಗೆಲ್ಲುತ್ತಾರೆಂದು ನಂಬಿ ಕಾದರು.

ಜೂನ್ 15ರಂದು ರೆಕ್ಟರ್ ಚುನಾವಣೆ. ನಮ್ಮಲ್ಲಿ ಕುಲಪತಿಯೆಂದರೆ ಯಾರೋ ಅಲ್ಲಿ ರೆಕ್ಟರ್ ಅವರೇ. ಮೂರನೆಯ ಸುತ್ತಿನಲ್ಲಿ ಗೆದ್ದದ್ದು ಹಳೆಯ ಬಣದ ಅಂತೋನಿಯೊ ನೋರೆಸ್. ಫಲಿತಾಂಶ ಕಿವಿಗೆ ಬಿದ್ದದ್ದೇ ತಡ, ವಿದ್ಯಾರ್ಥಿಗಳು ಸಭಾಂಗಣಕ್ಕೆ ನುಗ್ಗಿದರು. ಕಿಟಕಿ ಗಾಜು ಪುಡಿಯಾಯಿತು, ಪೀಠೋಪಕರಣ ಮುರಿಯಿತು, ಗೋಡೆಯ ಮೇಲಿನ ಭಾವಚಿತ್ರಗಳು ನೆಲಕ್ಕುರುಳಿದವು. ಆರು ದಿನ ಕಳೆದು, ಜೂನ್ 21ರಂದು, ದಕ್ಷಿಣ ಅಮೆರಿಕದ ಸ್ವತಂತ್ರ ಜನರನ್ನು ಉದ್ದೇಶಿಸಿದ ಪ್ರಣಾಳಿಕೆ ಹೊರಬಂತು. ಸಹಿ ವಿದ್ಯಾರ್ಥಿ ನಾಯಕರದು. ಬರೆದವರು ಯುವ ವಕೀಲ ದೆಯೊದೋರೊ ರೋಕ. ಅವರ ಹೆಸರು ಅದರಲ್ಲಿಲ್ಲ.

ಸೆಪ್ಟೆಂಬರ್ 9ರ ಘಟನೆ ಇನ್ನೂ ಗಮನಾರ್ಹ. ವಿದ್ಯಾರ್ಥಿಗಳು ಕಟ್ಟಡ ವಶಪಡಿಸಿಕೊಂಡು ಸುಮ್ಮನೆ ಘೋಷಣೆ ಕೂಗುತ್ತ ಕೂರಲಿಲ್ಲ. ತಮ್ಮೊಳಗಿನ ಮೂವರನ್ನು ಡೀನ್‌ಗಳನ್ನಾಗಿ ನೇಮಿಸಿದರು, ಪರೀಕ್ಷಾ ಮಂಡಳಿಗಳನ್ನು ರಚಿಸಿದರು. ವಿಶ್ವವಿದ್ಯಾಲಯವನ್ನು ನಡೆಸಿಯೇ ತೋರಿಸುತ್ತೇವೆ ಎಂಬ ಛಲ ಅದು. ಸೈನ್ಯ ಬಂದು ಬಂಧಿಸಿತು. ಆದರೆ ನೋರೆಸ್ ಆ ಹೊತ್ತಿಗಾಗಲೇ ರಾಜೀನಾಮೆ ಕೊಟ್ಟಾಗಿತ್ತು. ಮಂತ್ರಿ ಹೋಸೆ ಸಲಿನಾಸ್ ಸ್ವತಃ ಮಧ್ಯಪ್ರವೇಶಿಸಿದ ಮೇಲೆ ಬೇಡಿಕೆಗಳು ಬಹುಮಟ್ಟಿಗೆ ಈಡೇರಿದವು: ಆಡಳಿತದ ಚುನಾವಣೆಯಲ್ಲಿ ವಿದ್ಯಾರ್ಥಿಗಳಿಗೆ ಪಾಲು, ಬಹಿರಂಗ ಸ್ಪರ್ಧೆಯ ಮೂಲಕ ಅಧ್ಯಾಪಕರ ನೇಮಕ, ಕಡ್ಡಾಯ ಹಾಜರಿಗೆ ವಿದಾಯ.

ಪೆರುವಿನಲ್ಲಿ ವಿಕ್ತೋರ್ ರಾಉಲ್ ಆಯಾ ದೆ ಲ ತೋರೆ, ಕ್ಯೂಬಾದಲ್ಲಿ ಹೂಲಿಯೊ ಅಂತೋನಿಯೊ ಮೇಯಾ ಇದೇ ದಾರಿ ಹಿಡಿದರು. ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯಕ್ಕೆ 1929ರಲ್ಲಿ ಸ್ವಾಯತ್ತತೆ ಸಿಕ್ಕಿತು.

ತವರಿನಲ್ಲಿ ಮಾತ್ರ ಗೆದ್ದದ್ದನ್ನು ಉಳಿಸಿಕೊಳ್ಳುವುದು ಸುಲಭವಾಗಲಿಲ್ಲ. 1966ರಲ್ಲಿ ಅಧಿಕಾರ ಕಸಿದ ಜನರಲ್ ಹುವಾನ್ ಕಾರ್ಲೋಸ್ ಒಂಗಾನಿಯ ಸಹ-ಆಡಳಿತವನ್ನು ರದ್ದುಮಾಡಿದ. ಜುಲೈ 29ರ ರಾತ್ರಿ ಪೊಲೀಸರು ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಕ್ಕೆ ನುಗ್ಗಿದರು. ಎರಡು ಸಾಲಾಗಿ ನಿಂತು, ನಡುವೆ ಹಾದು ಹೊರಬರುತ್ತಿದ್ದವರನ್ನೆಲ್ಲ ಬಡಿದರು. ಡೀನ್ ರೊಲಾಂದೊ ಗಾರ್ಸಿಯ ಅವರೂ ಪೆಟ್ಟು ತಿಂದರು, ಅತಿಥಿಯಾಗಿ ಬಂದಿದ್ದ ಅಮೆರಿಕದ ಗಣಿತಜ್ಞ ವಾರೆನ್ ಆಂಬ್ರೋಸ್ ಕೂಡ. ‘ಉದ್ದ ಲಾಠಿಗಳ ರಾತ್ರಿ’ ಎಂದೇ ಅದು ಕುಖ್ಯಾತ. ಸಾವಿರಕ್ಕೂ ಹೆಚ್ಚು ಅಧ್ಯಾಪಕರು ರಾಜೀನಾಮೆ ಕೊಟ್ಟರು, ನೂರಾರು ಮಂದಿ ದೇಶ ಬಿಟ್ಟರು. ‘ಕ್ಲೆಮೆಂತಿನ’ ಎಂಬ ಮುದ್ದು ಹೆಸರಿನ ಕಂಪ್ಯೂಟರ್ ಸುತ್ತ ಮಾನುಎಲ್ ಸದೋಸ್ಕಿ ಕಟ್ಟಿದ್ದ ಸಂಶೋಧಕರ ತಂಡ ಚೆದುರಿಹೋಯಿತು. ಯಂತ್ರ ಇದ್ದಲ್ಲೇ ಉಳಿಯಿತು, ಅದನ್ನು ಬಲ್ಲವರು ಹೊರಟುಹೋದರು. ಒಂದು ತಲೆಮಾರಿನ ವಿದ್ಯೆಗೆ ಇದಕ್ಕಿಂತ ದೊಡ್ಡ ನಷ್ಟ ಬೇಕೆ?

ಸಹ-ಆಡಳಿತ ಮರಳಿದ್ದು 1983ರ ಕೊನೆಯಲ್ಲಿ, ಸೈನಿಕ ಆಡಳಿತ ತೊಲಗಿದ ಮೇಲೆ. 1994ರ ತಿದ್ದುಪಡಿ ಸ್ವಾಯತ್ತತೆಯನ್ನು ಸಂವಿಧಾನಕ್ಕೇ ಸೇರಿಸಿತು. ಆಡಳಿತ ಮಂಡಳಿಗಳಲ್ಲಿ ಕನಿಷ್ಠ ಅರ್ಧ ಸ್ಥಾನ ಅಧ್ಯಾಪಕರಿಗಿರಬೇಕು, ವಿದ್ಯಾರ್ಥಿ ಪ್ರತಿನಿಧಿಯಾಗುವವರು ಕೋರ್ಸಿನ ಶೇ. 30ರಷ್ಟು ವಿಷಯಗಳನ್ನಾದರೂ ಪಾಸು ಮಾಡಿರಬೇಕು ಎಂದು 1995ರ ಕಾನೂನು ಹೇಳಿತು. ಕೋರ್ದೋಬ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಸುಧಾರಣೆಯ ಶತಮಾನೋತ್ಸವ ವರ್ಷವಾದ 2018ರಲ್ಲಿ ನಿಯಮ ಬದಲಿಸಿ, 2022ರಲ್ಲಿ ಮೊದಲ ಬಾರಿಗೆ ತನ್ನ ರೆಕ್ಟರ್ ಅವರನ್ನು ನೇರ ಮತದಾನದಿಂದ ಆರಿಸಿತು. ಅಂದು ಅಧ್ಯಾಪಕರ ಜೊತೆ ವಿದ್ಯಾರ್ಥಿಗಳು, ಪದವೀಧರರು, ಕಚೇರಿಯ ನೌಕರರು ಎಲ್ಲರೂ ಮತ ಹಾಕಿದರು.